ರೇಡಿಯೋ ಹತೋಟಿಯ ಹೆಲಿಕಾಪ್ಟರು: ಹಾರಿಸುವ ಅಭ್ಯಾಸವೂ ಬಿದ್ದ ಮೇಲಿನ ದುರಸ್ತಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ಆಳು ಏರದೆ ನೆಲದ ಮೇಲೆ ನಿಂತವರ ಕೈಯ ಹತೋಟಿಯಿಂದಲೇ ಗಗನದಲ್ಲಿ ಚಲಿಸಿ ಕೆಲಸ ಮಾಡತಕ್ಕ ಯಂತ್ರಗಳ ವಿಷಯವು ಈಗ ಕೇವಲ ಕುತೂಹಲದ ಮಾತಾಗಿ ಉಳಿದಿರುವುದಿಲ್ಲ. ಔಷಧ ಸಿಂಪಡಿಸುವ ಡ್ರೋನ್ ಯಂತ್ರಗಳು ಜಮೀನುದಾರರ ವಿಚಾರಣೆಗೂ ಮಹಿಳಾ ಸ್ವಸಹಾಯ ಸಂಘಗಳ ಸ್ವಾಧೀನಕ್ಕೂ ಬಂದಿರುತ್ತವೆ. ಇಂಥ ಯಂತ್ರವನ್ನು ಕೊಳ್ಳುವ ಮುನ್ನ ಬೆಲೆ ಎಷ್ಟು, ಸಹಾಯಧನ ಎಷ್ಟು, ದಿನಕ್ಕೆ ಎಷ್ಟು ಎಕರೆ ಎಂಬ ಮೂರು ಪ್ರಶ್ನೆಗಳನ್ನು ಸಕಲರೂ ಕೇಳುವರು. ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. ಯಂತ್ರವು ಬಿದ್ದರೆ ಏನು ಮಾಡತಕ್ಕದ್ದು?

ಹಾರಿಸಲು ಕಲಿಯುವವರು ಒಂದಲ್ಲ ಒಂದು ದಿನ ಯಂತ್ರವನ್ನು ಕೆಡವುವರೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ವಿವೇಕ. ಬಿದ್ದುದನ್ನು ಮುಚ್ಚಿಡದೆ ಹೇಳಿ, ಕಾರಣವನ್ನು ಹುಡುಕಿ, ಕ್ರಮವಾಗಿ ದುರಸ್ತಿ ಮಾಡಿದಲ್ಲಿ ನಷ್ಟವು ಅಲ್ಪ. ಬಿದ್ದುದನ್ನು ಮರೆಮಾಚಿ, ಬಿರುಕುಬಿಟ್ಟ ರೆಕ್ಕೆಯನ್ನು ಹಾಗೆಯೇ ಮರುದಿನ ಹಾರಿಸಿದಲ್ಲಿ ಯಂತ್ರಕ್ಕೆ ಮಾತ್ರವಲ್ಲದೆ ತೋಟದಲ್ಲಿ ನಿಂತ ಜನರ ಕಣ್ಣಿಗೂ ಪ್ರಾಣಕ್ಕೂ ಅಪಾಯವುಂಟು. ಈ ಪಾಠದ ತಾತ್ಪರ್ಯವು ಇಷ್ಟೇ. ಅದರ ವಿವರಗಳನ್ನು ಮುಂದೆ ಹೇಳಿರುತ್ತದೆ.

1. ಯಂತ್ರದ ಪೂರ್ವವೃತ್ತಾಂತ

ಹೆಲಿಕಾಪ್ಟರನ್ನು ನಿರ್ಮಿಸಿದವರೂ ಮೊದಲು ಅಂಜಿಕೆಯಿಂದಲೇ ಹಾರಿಸಿದರು. ಅಮೆರಿಕಾದಲ್ಲಿ ಈಗೊರ್ ಸಿಕೋರ್ಸ್ಕಿ ಎಂಬಾತನು 1939ನೆಯ ಸೆಪ್ಟೆಂಬರ್ 14ರಂದು ತನ್ನ ವಿಎಸ್-300 ಯಂತ್ರವನ್ನು ನೆಲದಿಂದ ಎತ್ತಿದಾಗ, ಅದು ಹತೋಟಿ ಮೀರದಂತೆ ಕಟ್ಟಿಹಾಕಿಯೇ ಎತ್ತಿದನು. ಕಟ್ಟನ್ನು ಬಿಚ್ಚಿ ಸ್ವತಂತ್ರವಾಗಿ ಹಾರಿಸಿದ್ದು 1940ನೆಯ ಮೇ 13ರಂದು; ನಡುವೆ ಎಂಟು ತಿಂಗಳು ಕಳೆದವು. ಯಂತ್ರವನ್ನು ತಾನೇ ಕಲ್ಪಿಸಿದವನಿಗೆ ಎಂಟು ತಿಂಗಳು ಬೇಕಾದಲ್ಲಿ, ಹೊಸದಾಗಿ ಹಿಡಿದವರು ಎಂಟು ದಿನಗಳಲ್ಲಿ ನಿಪುಣರಾಗಬೇಕೆಂದು ಅವಸರಪಡಿಸುವುದು ನ್ಯಾಯವಲ್ಲ.

ರೇಡಿಯೋ ಅಲೆಗಳ ಮೂಲಕ ನಡೆಯುವ ಚಿಕ್ಕ ಹೆಲಿಕಾಪ್ಟರನ್ನು 1970ರ ಸುಮಾರಿಗೆ ಜರ್ಮನಿಯ ಡೀಟರ್ ಶ್ಲೂಟರ್ ಎಂಬಾತನು ಬಳಕೆಗೆ ಯೋಗ್ಯವಾಗುವಂತೆ ಸಿದ್ಧಪಡಿಸಿದನು. ವ್ಯವಸಾಯಕ್ಕೆ ಇದನ್ನು ಹೂಡಿದ ಕೀರ್ತಿ ಜಪಾನಿನದು. ಆ ದೇಶದ ಯಮಹಾ ಕಂಪೆನಿಯವರು 1987ರಲ್ಲಿ ಆರ್-50 ಎಂಬ ರೇಡಿಯೋ ಹತೋಟಿಯ ಹೆಲಿಕಾಪ್ಟರನ್ನು ಬತ್ತದ ಗದ್ದೆಗಳಿಗೆ ಔಷಧ ಸಿಂಪಡಿಸುವುದಕ್ಕಾಗಿ ಮಾರಾಟಕ್ಕೆ ತಂದರು. ಅದು ಸುಮಾರು 20 ಕಿಲೋಗ್ರಾಂ ಭಾರ ಹೊರುತ್ತಿತ್ತು. 1997ರಲ್ಲಿ ಅದಕ್ಕಿಂತ ದೊಡ್ಡದಾದ ಆರ್-ಮ್ಯಾಕ್ಸ್ ಎಂಬುದು ಬಂದಿತು. ಹಲವು ರೆಕ್ಕೆಗಳ ಡ್ರೋನು ಇವುಗಳ ತರುವಾಯ ಬಂದ ತಮ್ಮನೆಂದು ಹೇಳಬಹುದು.

ಈ ಸೀಮೆಯ ನೆರೆಯಲ್ಲಿಯೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ನೆಯ ಫೆಬ್ರವರಿ 6ರಂದು ಉದ್ಘಾಟಿತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯನ್ನು ಇಟ್ಟುಕೊಂಡು, ಬೆಲೆಯಲ್ಲಿ ಶೇಕಡಾ 80ನ್ನು, ಗರಿಷ್ಠ 8 ಲಕ್ಷ ರೂಪಾಯಿಗಳವರೆಗೆ, ಸಹಾಯಧನವಾಗಿ ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ: ಹಾರಿಸುವುದಕ್ಕೆ 5 ದಿನ, ವ್ಯವಸಾಯದ ಉಪಯೋಗಕ್ಕೆ 10 ದಿನ. ಇದರ ಜೊತೆಗೆ, ವಿದ್ಯುತ್ ಸಾಮಾನುಗಳ ಮತ್ತು ಯಂತ್ರಗಳ ದುರಸ್ತಿಯಲ್ಲಿ ಆಸಕ್ತಿಯುಳ್ಳ ಮತ್ತೊಬ್ಬರಿಗೂ ತರಬೇತಿ ಕೊಡತಕ್ಕದ್ದೆಂದು ಆ ಯೋಜನೆಯಲ್ಲಿ ಹೇಳಿರುವುದನ್ನು ಗ್ರಾಮದ ಮುಖ್ಯಸ್ಥರು ವಿಶೇಷವಾಗಿ ಗಮನಿಸಬೇಕು. ಹಾರಿಸುವವರು ಒಬ್ಬರು, ರಿಪೇರಿ ಬಲ್ಲವರು ಇನ್ನೊಬ್ಬರು. ಈ ಜೋಡಿಯಿಲ್ಲದೆ ಯಂತ್ರವು ಬಹುಕಾಲ ಬಾಳಲಾರದು.

2. ಯಂತ್ರದ ಸ್ವರೂಪ

ಹೆಲಿಕಾಪ್ಟರಿನ ನಡು ಅಚ್ಚಿನ ಮೇಲೆ ದೊಡ್ಡ ರೆಕ್ಕೆಗಳು ಸುತ್ತುತ್ತವೆ. ರೆಕ್ಕೆಗಳು ಒಂದು ದಿಕ್ಕಿಗೆ ಸುತ್ತಿದರೆ ಒಡಲು ಅದರ ವಿರುದ್ಧ ದಿಕ್ಕಿಗೆ ತಿರುಗಲು ಯತ್ನಿಸುವುದು. ಇದನ್ನು ತಡೆಯುವುದಕ್ಕಾಗಿ ಬಾಲದ ತುದಿಯಲ್ಲಿ ಪುಟ್ಟ ರೆಕ್ಕೆಯೊಂದನ್ನು ಅಡ್ಡಲಾಗಿ ಇಟ್ಟಿದೆ. ಕೈಯಲ್ಲಿ ಹಿಡಿಯುವ ಹತೋಟಿ ಪೆಟ್ಟಿಗೆಯಲ್ಲಿ ಎರಡು ಕಡ್ಡಿಗಳಿವೆ. ವಾಡಿಕೆಯ ಒಂದು ಕ್ರಮದಲ್ಲಿ ಎಡಗಡ್ಡಿಯು ಏರುವುದು ಇಳಿಯುವುದು ಮತ್ತು ಮೂತಿಯನ್ನು ತಿರುಗಿಸುವುದು ಇವುಗಳಿಗೆ. ಬಲಗಡ್ಡಿಯು ಮುಂದಕ್ಕೆ ಹಿಂದಕ್ಕೆ ಮತ್ತು ಎಡಕ್ಕೆ ಬಲಕ್ಕೆ ವಾಲಿಸುವುದಕ್ಕೆ. ಬಂಡಿಗೆ ಬಲ ಎಡ ಎಂಬ ಎರಡೇ ಚಿಂತೆ. ಇಲ್ಲಿ ನಾಲ್ಕು ಚಿಂತೆಗಳು ಏಕಕಾಲದಲ್ಲಿ ಎರಡು ಹೆಬ್ಬೆರಳುಗಳ ತುದಿಯಲ್ಲಿರುತ್ತವೆ.

ನಾಲ್ಕಾರು ರೆಕ್ಕೆಗಳ ಡ್ರೋನಿನಲ್ಲಿ ಗಣಕವು ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ತಿಳಿದು ಯಂತ್ರವನ್ನು ತಾನೇ ಒಂದೆಡೆ ನಿಲ್ಲಿಸುವುದು. ಹಾಗಿದ್ದ ಮೇಲೆ ಕೈಯ ಅಭ್ಯಾಸವೇಕೆಂದು ಕೆಲವರು ಕೇಳಬಹುದು. ಉತ್ತರವೇನೆಂದರೆ, ಉಪಗ್ರಹದ ಸಂಕೇತವು ತಪ್ಪಿದಾಗ, ಅಥವಾ ತಗಡಿನ ಕೊಟ್ಟಿಗೆ ಮೊದಲಾದ ಕಬ್ಬಿಣದ ಸಾಮೀಪ್ಯದಿಂದ ದಿಕ್ಸೂಚಿಯು ಕೆಟ್ಟಾಗ, ಆ ಡ್ರೋನೂ ಗಾಳಿ ಒಯ್ದ ಕಡೆಗೆ ಜಾರಲಾರಂಭಿಸುವುದು. ಆ ಕೆಲವು ಕ್ಷಣಗಳಲ್ಲಿ ಅದನ್ನು ಉಳಿಸತಕ್ಕದ್ದು ಹಾರಿಸುವವರ ಬೆರಳುಗಳೇ ಹೊರತು ಗಣಕವಲ್ಲ. ಚಿಕ್ಕ ಹೆಲಿಕಾಪ್ಟರಿನಲ್ಲಿ ಪಳಗಿದ ಕೈಗೆ ಇದು ದಿನದಿನದ ಕೆಲಸ. ಹೆಲಿಕಾಪ್ಟರು ದೊರೆಯದಿದ್ದಲ್ಲಿ, ಸ್ಥಾನ ಹಿಡಿಯುವ ಏರ್ಪಾಡನ್ನು ನಿಲ್ಲಿಸಿದ ಚಿಕ್ಕ ಡ್ರೋನಿನಿಂದಲೂ ಈ ಅಭ್ಯಾಸವನ್ನು ಬಹುಮಟ್ಟಿಗೆ ಪಡೆಯಬಹುದು.

ಈ ಯಂತ್ರವು ಆಟಿಕೆಯಂತೆ ಕಂಡರೂ ಆಟಿಕೆಯಲ್ಲ. ಎರಡು ಅಡಿ ವ್ಯಾಸದ ರೆಕ್ಕೆಯು ನಿಮಿಷಕ್ಕೆ 2,000 ಸುತ್ತು ಸುತ್ತಿದರೆ, ಅದರ ತುದಿಯು ಗಂಟೆಗೆ ಸುಮಾರು 230 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವುದು. ಕುಡುಗೋಲನ್ನು ಯಾರೂ ಈ ವೇಗದಲ್ಲಿ ಬೀಸಲಾರರು. ಆದಕಾರಣ ಮಕ್ಕಳೂ ದನಕರುಗಳೂ ಅಭ್ಯಾಸದ ಬಯಲಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳತಕ್ಕದ್ದು.

3. ಸ್ಥಳವೂ ಕಾಲವೂ

ಅಭ್ಯಾಸಕ್ಕೆ ತೆಂಗಿನ ತೋಟವು ಯೋಗ್ಯ ಸ್ಥಳವಲ್ಲ. ರಾಗಿ ಕೊಯ್ಲಾಗಿ ತೆನೆ ಕಣಕ್ಕೆ ಸೇರಿದ ಮೇಲೆ ಖಾಲಿ ಬಿದ್ದ ಹೊಲ, ಗೋಮಾಳದ ಹುಲ್ಲು ನೆಲ, ಅಥವಾ ನೀರು ಬತ್ತಿ ಗರಿಕೆ ಹಬ್ಬಿದ ಕೆರೆಯಂಗಳ ಇವು ಉತ್ತಮ. ಬರಿಯ ಧೂಳು ನೆಲವಾದರೆ ರೆಕ್ಕೆಯ ಗಾಳಿಗೆ ಧೂಳೆದ್ದು ಬೇರಿಂಗುಗಳನ್ನು ಸೇರುವುದು. ವಿದ್ಯುತ್ ತಂತಿ, ರೈಲುದಾರಿ, ಹೆದ್ದಾರಿ, ಶಾಲೆ, ಸಂತೆಯ ಮೈದಾನ ಇವುಗಳಿಂದ ದೂರವಿರಬೇಕು.

ಬೆಳಗಿನ ಹೊತ್ತು, ಬಿಸಿಲೇರಿ ಗಾಳಿ ಏಳುವುದಕ್ಕೆ ಮುಂಚೆ, ಅಭ್ಯಾಸಕ್ಕೆ ಪ್ರಶಸ್ತ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲತಕ್ಕದ್ದು. ಆಷಾಢದ ಗಾಳಿಯಲ್ಲಿ ಹೊಸಬರು ಯಂತ್ರವನ್ನು ಹೊರಗೆ ತರಲೇಬಾರದು. ಆ ತಿಂಗಳುಗಳನ್ನು ಮನೆಯೊಳಗಿನ ಗಣಕದ ಅಭ್ಯಾಸಕ್ಕೂ ಯಂತ್ರವನ್ನು ಬಿಚ್ಚಿ ಜೋಡಿಸಿ ಕಲಿಯುವುದಕ್ಕೂ ಉಪಯೋಗಿಸಿದರೆ ಕಾಲವು ವ್ಯರ್ಥವಾಗದು.

4. ಅಭ್ಯಾಸಕ್ರಮ

ಹೊಸ ಹೋರಿಯನ್ನು ಯಾವ ರೈತನೂ ಮೊದಲ ದಿನವೇ ತುಂಬಿದ ಬಂಡಿಗೆ ಹೂಡುವುದಿಲ್ಲ. ನೊಗವನ್ನು ರೂಢಿ ಮಾಡಿಸಿ, ಬರಿಯ ಕೊರಡನ್ನು ಎಳೆಸಿ, ಆಮೇಲೆ ಬರಿ ಬಂಡಿಗೆ, ಕಟ್ಟಕಡೆಗೆ ಭಾರಕ್ಕೆ ಹೂಡುವನು. ಇಲ್ಲಿಯೂ ಕ್ರಮವು ಅದೇ.

ಮೊದಲನೆಯ ಮೆಟ್ಟಿಲು, ಗಣಕದ ಪರದೆಯ ಮೇಲಿನ ಹಾರಾಟ. ನಿಜವಾದ ಹತೋಟಿ ಪೆಟ್ಟಿಗೆಯನ್ನು ಗಣಕಕ್ಕೆ ಜೋಡಿಸಿ ಪರದೆಯಲ್ಲಿನ ಯಂತ್ರವನ್ನು ಹಾರಿಸುವ ಸೌಕರ್ಯವುಂಟು. ದಿನಕ್ಕೆ ಅರ್ಧ ಗಂಟೆಯಂತೆ ಮೂರು ನಾಲ್ಕು ವಾರ ಇದನ್ನು ಮಾಡಿದಲ್ಲಿ ನೂರು ಸಲ ಬಿದ್ದರೂ ಕಾಸಿನ ಖರ್ಚಿಲ್ಲ. ಈ ಮೆಟ್ಟಿಲನ್ನು ದಾಟಿ ಹಾರುವವರು ಉಳಿಸಿದ ದಿನಗಳಿಗೆ ಪ್ರತಿಯಾಗಿ ರೆಕ್ಕೆಗಳ ಬೆಲೆಯನ್ನು ತೆರುವರು.

ಎರಡನೆಯದು, ನೆಲದ ಮೇಲಿನ ಅಭ್ಯಾಸ. ಯಂತ್ರದ ಕಾಲುಗಳಿಗೆ ಅಡ್ಡಲಾಗಿ ಎರಡು ಹಗುರ ಕಡ್ಡಿಗಳನ್ನು ಗುಣಿಸು ಚಿಹ್ನೆಯಂತೆ ಕಟ್ಟಿ, ತುದಿಗಳಿಗೆ ಚೆಂಡುಗಳನ್ನು ಸಿಕ್ಕಿಸಬೇಕು. ಇದರಿಂದ ಯಂತ್ರವು ಪಕ್ಕಕ್ಕೆ ಮಗುಚಿಕೊಳ್ಳುವುದು ಬಹುಪಾಲು ತಪ್ಪುವುದು. ಹತೋಟಿ ಪೆಟ್ಟಿಗೆಯನ್ನು ಮೊದಲು ಚಾಲೂ ಮಾಡಿ, ಬಳಿಕ ಯಂತ್ರಕ್ಕೆ ಬ್ಯಾಟರಿ ಜೋಡಿಸಿ, ಕಡ್ಡಿಗಳನ್ನು ಆಡಿಸಿದಂತೆ ಭಾಗಗಳು ಸರಿಯಾದ ದಿಕ್ಕಿಗೆ ಚಲಿಸುವುವೇ ಎಂದು ನೋಡತಕ್ಕದ್ದು. ರೆಕ್ಕೆಗಳು ತಿರುಗುವಾಗ ಕನಿಷ್ಠ 20 ಅಡಿ ಹಿಂದೆ ನಿಲ್ಲಬೇಕು. ನೆಲ ಬಿಡದೆ, ಹಗುರವಾಗಿ ಜಾರಿಸುತ್ತ, ಬಾಲವನ್ನು ತನ್ನ ಕಡೆಗೇ ಇಟ್ಟುಕೊಳ್ಳುವುದನ್ನು ಕಲಿಯಬೇಕು.

ಮೂರನೆಯದು, ಒಂದೆಡೆ ನಿಲ್ಲಿಸುವುದು. ಸುಣ್ಣದ ಪುಡಿಯಿಂದ 10 ಅಡಿ ಚೌಕವನ್ನು ಎಳೆದು ಅದರ ನಡುವೆ ಯಂತ್ರವನ್ನು ಎತ್ತಬೇಕು. ನೆಲಕ್ಕೆ ಅತಿ ಹತ್ತಿರದಲ್ಲಿ, ರೆಕ್ಕೆಯ ವ್ಯಾಸದಷ್ಟು ಎತ್ತರದೊಳಗೆ, ಕೆಳಗೆ ಒತ್ತಿದ ಗಾಳಿಯು ಮರಳಿ ತಾಗುವುದರಿಂದ ಯಂತ್ರವು ತೊನೆದಾಡುವುದು. ಎದೆಯ ಎತ್ತರಕ್ಕೆ ಹೋದರೆ ನೆಮ್ಮದಿಯಾಗುವುದು. ಕಡ್ಡಿಯನ್ನು ಹಿಡಿದು ಎಳೆಯದೆ ಕೂದಲೆಳೆಯಷ್ಟು ಮಾತ್ರ ಆಡಿಸತಕ್ಕದ್ದು. ಯಂತ್ರವು ಜಾರಿದ ಮೇಲೆ ತಿದ್ದುವುದಕ್ಕಿಂತ, ಜಾರಲು ವಾಲಿದೊಡನೆ ತಿದ್ದಬೇಕು. ಒಂದು ಬ್ಯಾಟರಿ ಮುಗಿಯುವವರೆಗೆ ಚೌಕದೊಳಗೆ ನಿಲ್ಲಿಸುವ ಕೌಶಲ ಬಾರದ ಹೊರತು ಮುಂದಿನ ಮೆಟ್ಟಿಲಿಗೆ ಹೋಗಬಾರದು.

ನಾಲ್ಕನೆಯದು ಅತ್ಯಂತ ಕಷ್ಟವಾದದ್ದು. ಯಂತ್ರದ ಪಕ್ಕವನ್ನೂ ಕಡೆಗೆ ಮೂತಿಯನ್ನೂ ತನ್ನ ಕಡೆಗೆ ತಿರುಗಿಸಿಕೊಂಡು ನಿಲ್ಲಿಸುವುದು. ಮೂತಿಯು ಎದುರಾದಾಗ ಯಂತ್ರದ ಬಲವು ನಿಂತವರ ಎಡವಾಗುವುದು. ಹೊಸಬರ ಯಂತ್ರಗಳು ಬಹಳವಾಗಿ ಬೀಳುವುದು ಈ ಗಲಿಬಿಲಿಯಿಂದಲೇ. ಇದಕ್ಕೆ ನೆನಪಿನ ಸೂತ್ರವೊಂದುಂಟು: ಎದುರುಮುಖದ ಯಂತ್ರದ ಯಾವ ಪಕ್ಕವು ಕಣ್ಣಿಗೆ ತಗ್ಗಾಗಿ ಕಾಣುವುದೋ, ಆ ಪಕ್ಕಕ್ಕೆ ಬಲಗಡ್ಡಿಯನ್ನು ಒತ್ತಬೇಕು, ಕುಸಿಯುವ ಚಪ್ಪರಕ್ಕೆ ಊರೆ ಕೊಟ್ಟಂತೆ ಯಂತ್ರವು ಸಮವಾಗುವುದು. ಇದನ್ನು ಮೂರಾಳೆತ್ತರದಲ್ಲಿ ಅಭ್ಯಾಸ ಮಾಡತಕ್ಕದ್ದು. ತಗ್ಗಿನಲ್ಲಿ ಹಾರಿಸಿದರೆ ಕ್ಷೇಮವೆಂಬುದು ಈ ಹಂತದಲ್ಲಿ ಭ್ರಮೆ. ತಪ್ಪನ್ನು ತಿದ್ದಿಕೊಳ್ಳಲು ಎತ್ತರವೇ ಅವಕಾಶ ಕೊಡುವುದು.

ಐದನೆಯದು, ನಿಧಾನವಾಗಿ ಮುಂದಕ್ಕೆ ಹೋಗಿ ಎಂಟರ ಅಂಕಿಯ ಆಕಾರದಲ್ಲಿ ಎರಡೂ ಕಡೆಗೆ ತಿರುಗಿ ಬರುವುದು, ಮತ್ತು ಗುರುತಿಟ್ಟ ಗೋಣಿಯ ತಟ್ಟಿನ ಮೇಲೆ ಇಳಿಸುವುದು. ಇದಾದ ಮೇಲೆಯೇ ದೊಡ್ಡ ಡ್ರೋನನ್ನು ಮುಟ್ಟಬಹುದು. ಅದರಲ್ಲಿಯೂ ಮೊದಲು ಖಾಲಿ ತೊಟ್ಟಿಯಿಂದ, ಬಳಿಕ ಬರಿಯ ನೀರಿನಿಂದ ಅಭ್ಯಾಸ ನಡೆಯಬೇಕು. ಅರೆ ತುಂಬಿದ ತೊಟ್ಟಿಯಲ್ಲಿ ನೀರು ತುಳುಕಾಡಿ ಯಂತ್ರವನ್ನು ತೂಗಿಸುವ ಬಗೆಯನ್ನು ಔಷಧವಿಲ್ಲದೆಯೇ ಕಲಿಯತಕ್ಕದ್ದು.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ. 2016ರಲ್ಲಿ ದಕ್ಷಿಣ ಭಾರತದಲ್ಲಿ ಮೊದಲು ಕಂಡುಬಂದ ಸುರುಳಿಯಾಕಾರದ ಬಿಳಿನೊಣವು ತೆಂಗಿನ ಗರಿಗಳ ಅಡಿಯಲ್ಲಿ ಕುಳಿತು ರಸ ಹೀರುವುದು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುವುದು. ಈ ನೊಣದ ಶತ್ರುವಾದ ಎನ್‌ಕಾರ್ಸಿಯಾ ಎಂಬ ಸೂಕ್ಷ್ಮ ಕಣಜವು ತೋಟಗಳಲ್ಲಿ ತಾನಾಗಿಯೇ ಹೆಚ್ಚುತ್ತದೆ. ಹಾರುವ ಯಂತ್ರವಿದೆಯೆಂದು ಘೋರ ವಿಷಗಳನ್ನು ಮೇಲಿನಿಂದ ಸುರಿದರೆ ಗರಿಯ ಅಡಿಯ ನೊಣ ಉಳಿದು, ಮಿತ್ರನಾದ ಕಣಜ ಸಾಯುವುದು. ಆದುದರಿಂದ ಯಾವುದನ್ನು ಯಾವ ಪ್ರಮಾಣದಲ್ಲಿ ಸಿಂಪಡಿಸಬೇಕೆಂಬುದನ್ನು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಿಳಿಯುವುದು ಲೇಸು.

5. ತೆಂಗಿನ ತೋಟದ ವಿಶೇಷ ಅಪಾಯಗಳು

ಬಯಲಿನಲ್ಲಿ ನಿಪುಣರಾದವರೂ ತೋಟದಲ್ಲಿ ಯಂತ್ರವನ್ನು ಕೆಡವುವುದುಂಟು. 30 ಅಡಿ ಅಂತರದಲ್ಲಿ ನೆಟ್ಟ ಮರಗಳ 15ರಿಂದ 18 ಅಡಿ ಉದ್ದದ ಗರಿಗಳು ಎರಡು ಕಡೆಯಿಂದಲೂ ಚಾಚಿದಾಗ ನಡುವೆ ಉಳಿಯುವ ಬಯಲು ಬಹಳ ಕಿರಿದು. ಗಾಳಿ ಬೀಸಿದಾಗ ಅದೂ ಇಲ್ಲ. ದೂರದಲ್ಲಿ ನಿಂತು ನೋಡುವವರ ಕಣ್ಣಿಗೆ ಯಂತ್ರವು ಮರದ ಈಚೆಗಿದೆಯೋ ಆಚೆಗಿದೆಯೋ ತಿಳಿಯದು. ಆದಕಾರಣ ಒಬ್ಬರು ಹಾರಿಸುವಾಗ ಮತ್ತೊಬ್ಬರು ಅಡ್ಡ ದಿಕ್ಕಿನಲ್ಲಿ ನಿಂತು, ಮರಕ್ಕೂ ಯಂತ್ರಕ್ಕೂ ಇರುವ ಅಂತರವನ್ನು ಕೂಗಿ ಹೇಳತಕ್ಕದ್ದು.

ಸಂಕೇತವು ಕಡಿದುಹೋದರೆ ಯಂತ್ರವು ತಾನೇ ಏರಿ ಹೊರಟ ಸ್ಥಳಕ್ಕೆ ಮರಳುವ ಏರ್ಪಾಡು ಡ್ರೋನುಗಳಲ್ಲಿದೆ. ಆ ಏರಿಕೆಯ ಎತ್ತರವನ್ನು ಮುಂಚಿತವಾಗಿ ಗೊತ್ತುಮಾಡದಿದ್ದಲ್ಲಿ ಯಂತ್ರವು ಮರಳುವ ದಾರಿಯಲ್ಲಿ ಮರದ ಸುಳಿಗೆ ಬಡಿಯುವುದು. ತೋಟದ ಅತಿ ಎತ್ತರದ ಮರವನ್ನು ಅಳೆಯುವುದು ಸುಲಭ. ಸಮನೆಲದಲ್ಲಿ 3 ಅಡಿ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ, ಅದೇ ಹೊತ್ತಿನಲ್ಲಿ ಮರದ ಬುಡದಿಂದ ತುದಿಯವರೆಗಿನ ನೆರಳನ್ನೂ ಅಳೆಯಬೇಕು. ಕೋಲಿನ ನೆರಳು 2 ಅಡಿ, ಮರದ ನೆರಳು 44 ಅಡಿ ಇದ್ದರೆ ಮರದ ಎತ್ತರ 66 ಅಡಿ. ಇದಕ್ಕೆ 30 ಅಡಿಗೆ ಕಡಮೆಯಿಲ್ಲದಷ್ಟನ್ನು ಸೇರಿಸಿ, ಸುಮಾರು 100 ಅಡಿ ಎಂದು ಯಂತ್ರಕ್ಕೆ ಹೇಳಿಡತಕ್ಕದ್ದು. ಗರಿಗಳ ಕೆಳಗೆ ಹಾರಿಸುವಾಗಲಾದರೋ ಇದೇ ಏರ್ಪಾಡು ಯಂತ್ರವನ್ನು ನೇರವಾಗಿ ಮೇಲಿನ ಗರಿಗಳಿಗೆ ನುಗ್ಗಿಸುವುದು. ಆದ್ದರಿಂದ ಹೊಸಬರು ಗರಿಗಳ ಕೆಳಗೆ ಎಂದಿಗೂ ಹಾರಿಸಬಾರದು.

6. ಯಂತ್ರವು ಬಿದ್ದಾಗ ಮಾಡತಕ್ಕ ಕಾರ್ಯಗಳು

ಬೀಳುವುದು ಖಂಡಿತವೆಂದು ತೋರಿದೊಡನೆ ಮೋಟಾರಿನ ಶಕ್ತಿಯನ್ನು ಕಡಿಯುವ ಗುಂಡಿಯನ್ನು ಒತ್ತಬೇಕು. ಹೆಲಿಕಾಪ್ಟರುಗಳಿಗೆ ಇದು ಪ್ರತ್ಯೇಕವಾಗಿಯೇ ಇರುತ್ತದೆ. ಹೊಸಬರು ಕಟ್ಟಕಡೆಯವರೆಗೆ ಯಂತ್ರವನ್ನು ಮೇಲಕ್ಕೆಳೆಯಲು ಹೆಣಗುತ್ತಾರೆ. ಶಕ್ತಿಯೊಡನೆ ನೆಲಕ್ಕೆ ಬಡಿದ ರೆಕ್ಕೆಗಳು ಹಲ್ಲುಚಕ್ರವನ್ನು ಮುರಿದು ಮೋಟಾರನ್ನು ಸುಡುತ್ತವೆ. ಶಕ್ತಿ ಕಡಿದು ಬಿದ್ದ ಯಂತ್ರದಲ್ಲಿ ಹಾನಿಯು ಎಷ್ಟೋ ಕಡಮೆ.

ಬಿದ್ದ ಮೇಲೆ ಓಡಿಹೋಗಿ ಎತ್ತಬಾರದು. ರೆಕ್ಕೆಗಳು ನಿಂತುವೆಂದು ಕಂಡ ಮೇಲೆ ಮೆಲ್ಲಗೆ ಸಮೀಪಿಸಿ, ಮೊದಲು ಯಂತ್ರದ ಬ್ಯಾಟರಿಯನ್ನು ಬಿಚ್ಚಿ, ಅನಂತರವೇ ಹತೋಟಿ ಪೆಟ್ಟಿಗೆಯನ್ನು ಆರಿಸತಕ್ಕದ್ದು. ಈ ಕ್ರಮವು ಹಿಂದುಮುಂದಾದರೆ ರೆಕ್ಕೆಗಳು ಅಕಸ್ಮಾತ್ತಾಗಿ ತಿರುಗುವ ಭಯವುಂಟು.

ಲಿಥಿಯಂ ಪಾಲಿಮರ್ ಬ್ಯಾಟರಿಯು ಪೆಟ್ಟು ತಿಂದರೆ ಒಡನೆಯೋ ಸ್ವಲ್ಪ ಹೊತ್ತಿನ ಬಳಿಕವೋ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಮರಳಿನ ಮೇಲಿಟ್ಟು ಅರ್ಧ ಗಂಟೆಗೆ ಕಡಮೆಯಿಲ್ಲದೆ ಕಾಯಬೇಕು. ಉಬ್ಬಿದ, ಸೀಳಿದ, ಬಿಸಿಯಾದ ಬ್ಯಾಟರಿಗೆ ಪುನಃ ವಿದ್ಯುತ್ ತುಂಬಕೂಡದು. ಸುಸ್ಥಿತಿಯಲ್ಲಿರುವ ಕೋಶವೊಂದು ಪೂರ್ತಿ ತುಂಬಿದಾಗ 4.2 ವೋಲ್ಟು, ಇಟ್ಟಿರುವಾಗ ಸುಮಾರು 3.8 ವೋಲ್ಟು ಇರುವುದು ಸರಿ, 3.5ಕ್ಕೆ ಬರುವ ಮುನ್ನ ಯಂತ್ರವನ್ನು ಇಳಿಸಬೇಕು. ಕೊಬ್ಬರಿ ಅಟ್ಟದಲ್ಲಿ, ಸಿಪ್ಪೆಯ ರಾಶಿಯ ಬಳಿಯಲ್ಲಿ, ಹುಲ್ಲಿನ ಬಣವೆಯ ಹತ್ತಿರ ಇವನ್ನು ಇಡುವುದಾಗಲಿ ತುಂಬುವುದಾಗಲಿ ಎಂದಿಗೂ ಕೂಡದು. ಒಂದು ವರ್ಷದ ಕೊಬ್ಬರಿಯು ಒಂದು ರಾತ್ರಿಯಲ್ಲಿ ಬೂದಿಯಾಗಲು ಒಂದು ಕಿಡಿ ಸಾಕು.

ಯಂತ್ರವು ಮರದ ಮೇಲೆ ಸಿಕ್ಕಿಕೊಂಡರೆ ದೋಟಿಯಿಂದ ಬಡಿಯಬಾರದು, ಕಲ್ಲೆಸೆಯಬಾರದು. ಮರ ಹತ್ತುವ ಕಸುಬುದಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏರಿ, ಮೊದಲು ಬ್ಯಾಟರಿಯ ಕೊಂಡಿಯನ್ನು ಬಿಚ್ಚಿ, ಬಳಿಕ ಯಂತ್ರವನ್ನು ಹಗ್ಗದಲ್ಲಿ ಇಳಿಬಿಡಬೇಕು. ಬಿಚ್ಚುವ ಬಗೆಯನ್ನು ಅವರಿಗೆ ನೆಲದ ಮೇಲೆ ತೋರಿಸಿಯೇ ಹತ್ತಿಸತಕ್ಕದ್ದು. ವಿದ್ಯುತ್ ತಂತಿಯ ಮೇಲೆ ಬಿದ್ದಲ್ಲಿ ಯಾರೂ ಮುಟ್ಟಕೂಡದು. ಬೆಸ್ಕಾಂ ಕಛೇರಿಗೆ ತಿಳಿಸಿ, ಅವರು ವಿದ್ಯುತ್ತನ್ನು ನಿಲ್ಲಿಸಿ ತೆಗೆಯುವವರೆಗೆ ಕಾಯಬೇಕು. ಯಂತ್ರವು ಕಣ್ಮರೆಯಾದರೆ, ಅದು ಕಡೆಗೆ ಕಂಡ ದಿಕ್ಕಿನಲ್ಲಿ ಎರಡು ಮರಗಳನ್ನು ಗುರುತು ಹಿಡಿದು, ಆ ಗೆರೆಯಲ್ಲಿಯೇ ನಡೆದು ಹುಡುಕಬೇಕು.

ಒಡೆದ ಚೂರುಗಳನ್ನು ಒಂದೂ ಬಿಡದೆ ಆರಿಸುವುದು ಬಹು ಮುಖ್ಯ. ಇಂಗಾಲದ ಎಳೆಯಿಂದ ಮಾಡಿದ ರೆಕ್ಕೆಯ ಸೀಳುಗಳೂ ಪುಟ್ಟ ತಿರುಪುಗಳೂ ಹುಲ್ಲಿನೊಡನೆ ಹಸುವಿನ ಹೊಟ್ಟೆ ಸೇರಿದರೆ ಆಗುವ ನಷ್ಟವು ರೆಕ್ಕೆಯ ಬೆಲೆಗಿಂತ ಹೆಚ್ಚಿನದು.

7. ಪರೀಕ್ಷೆಯೂ ದುರಸ್ತಿಯೂ

ಹೊರಗೆ ಏನೂ ಆಗದಂತೆ ತೋರುವ ಯಂತ್ರವೇ ಹೆಚ್ಚು ಮೋಸ ಮಾಡುವುದು. ಆದ್ದರಿಂದ ಪರೀಕ್ಷೆಯನ್ನು ತುದಿಯಿಂದ ಒಳಗಿನವರೆಗೆ ಒಂದೇ ಕ್ರಮದಲ್ಲಿ ನಡೆಸಬೇಕು.

ರೆಕ್ಕೆಗಳು: ಉಗುರಿನಿಂದ ಸವರಿ ಬಿರುಕನ್ನು ಹುಡುಕಬೇಕು. ಬಿರುಕುಬಿಟ್ಟ ರೆಕ್ಕೆಗೆ ಅಂಟು ಹಾಕಿ ಹಾರಿಸಕೂಡದು. ಹೆಲಿಕಾಪ್ಟರಿನಲ್ಲಿ ಒಂದು ಕೆಟ್ಟರೂ ಜೋಡಿಯನ್ನೇ ಬದಲಾಯಿಸಿ, ಎರಡನ್ನೂ ತಕ್ಕಡಿಯಂತೆ ತೂಗಿ ಸಮಮಾಡಬೇಕು.

ಅಚ್ಚುಗಳು: ನಡು ಅಚ್ಚನ್ನೂ, ರೆಕ್ಕೆಗಳನ್ನು ಹಿಡಿದಿರುವ ಅಡ್ಡ ಕಡ್ಡಿಯನ್ನೂ ಬಿಚ್ಚಿ ಕನ್ನಡಿಯ ಮೇಲೆ ಉರುಳಿಸಬೇಕು. ಡೊಂಕಿದ್ದರೆ ಗಾಜಿಗೂ ಕಡ್ಡಿಗೂ ನಡುವೆ ಬೆಳಕು ಕಂಡು ಮರೆಯಾಗುವುದು. ಡೊಂಕನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡದೆ ಹೊಸದನ್ನೇ ಹಾಕತಕ್ಕದ್ದು.

ಹಲ್ಲುಚಕ್ರಗಳು: ಕೈಯಿಂದ ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲಿ ತಡೆಯುವುದು, ಎಲ್ಲಿ ಜಾರುವುದು ಎಂದು ನೋಡಬೇಕು. ಒಂದು ಹಲ್ಲು ಹೋಗಿದ್ದರೂ ಚಕ್ರವು ನಿರುಪಯುಕ್ತ. ಹತೋಟಿಯ ಪುಟ್ಟ ಸರ್ವೋ ಮೋಟಾರುಗಳನ್ನೂ ಹೀಗೆಯೇ ಪರೀಕ್ಷಿಸಬೇಕು.

ಬಾಲ ಮತ್ತು ತೋಳುಗಳು: ಹೆಲಿಕಾಪ್ಟರಿನ ಬಾಲದ ಕೊಳವೆಯಲ್ಲಿ, ಡ್ರೋನಿನ ತೋಳುಗಳ ಮಡಿಕೆಯಲ್ಲಿ ಸೀಳು ಕಾಣುವುದೇ ಎಂದು ನೋಡಬೇಕು. ವಿದ್ಯುತ್ ತಂತಿಗಳು ಉಜ್ಜಿ ಸುಲಿದಿವೆಯೇ ಎಂಬುದನ್ನೂ ಗಮನಿಸಬೇಕು. ಸಿಂಪಡಿಸುವ ಯಂತ್ರವಾದರೆ ತೊಟ್ಟಿಯಲ್ಲಿ ನೀರು ತುಂಬಿ ಸೋರಿಕೆಯನ್ನು ಪರೀಕ್ಷಿಸಬೇಕು.

ಜೋಡಣೆಯಾದ ಮೇಲೆ ಲೋಹದಲ್ಲಿ ಕೂರುವ ಲೋಹದ ತಿರುಪುಗಳಿಗೆ ಅವು ಸಡಿಲದಂತೆ ಹಿಡಿಯುವ ಅಂಟನ್ನು ಒಂದು ತೊಟ್ಟು ಹಾಕತಕ್ಕದ್ದು. ಮೊದಲು ನೆಲದ ಮೇಲೆ ತಿರುಗಿಸಿ ನಡುಕವಿದೆಯೇ ಎಂದು ನೋಡಿ, ಎದೆಯೆತ್ತರದಲ್ಲಿ ಎರಡು ನಿಮಿಷ ಮಾತ್ರ ನಿಲ್ಲಿಸಿ, ಇಳಿಸಿ, ತಿರುಪುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದ ಹೊರತು ಎತ್ತರಕ್ಕೆ ಬಿಡಕೂಡದು.

8. ಪತನದ ಪುಸ್ತಕ

ಯಂತ್ರದ ದುರಸ್ತಿಯಾಯಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಕಾರಣವನ್ನು ತಿಳಿಯದಿದ್ದಲ್ಲಿ ಅದೇ ಪತನವು ಮರಳಿ ಬರುವುದು. ಪ್ರತಿ ಯಂತ್ರದೊಡನೆಯೂ ಒಂದು ಪುಸ್ತಕವಿರಬೇಕು. ಅದರಲ್ಲಿ ದಿನಾಂಕ, ಗಾಳಿಯ ಸ್ಥಿತಿ, ಬ್ಯಾಟರಿಯ ಸಂಖ್ಯೆ, ಬೀಳುವ ಮುನ್ನ ಕಂಡದ್ದು ಮತ್ತು ಕೇಳಿದ್ದು, ಬದಲಾಯಿಸಿದ ಭಾಗ, ಖರ್ಚು ಇವನ್ನು ಬರೆಯತಕ್ಕದ್ದು. ಕಾರಣವನ್ನು ಮೂರು ಅಂಕಣಗಳಲ್ಲಿ ವಿಂಗಡಿಸಬೇಕು: ಕೈಯ ತಪ್ಪು, ಯಂತ್ರದ ದೋಷ, ಸ್ಥಳದ ದೋಷ. ಕೆಲವು ತಿಂಗಳುಗಳ ಬಳಿಕ ಯಾವ ಅಂಕಣವು ತುಂಬಿದೆಯೆಂದು ನೋಡಿದರೆ ಮದ್ದು ಯಾವುದೆಂದು ತಾನೇ ತಿಳಿಯುವುದು. ಕೈಯ ತಪ್ಪುಗಳೇ ಹೆಚ್ಚಿದ್ದಲ್ಲಿ ಹೊಸ ಯಂತ್ರ ಕೊಂಡರೆ ಪ್ರಯೋಜನವಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು ಅಭ್ಯಾಸ ಮಾಡಬೇಕು.

ಕೆಡವಿದವರಿಗೆ ಕೈನಡುಕ ಹುಟ್ಟುವುದು ಸಹಜ. ಯಂತ್ರವು ಸಿದ್ಧವಾಗುವವರೆಗೆ ಗಣಕದ ಮೇಲೆ ಅದೇ ಸಂದರ್ಭವನ್ನು ತಂದುಕೊಂಡು ಅಭ್ಯಸಿಸಿ, ಸಿದ್ಧವಾದ ಮೇಲೆ ಮೂರನೆಯ ಮೆಟ್ಟಿಲಾದ ಚೌಕದೊಳಗಿನ ಹಾರಾಟದಿಂದ ಪುನಃ ಆರಂಭಿಸಿದರೆ ಧೈರ್ಯವು ಮರಳುವುದು. ತಿಂಗಳುಗಟ್ಟಲೆ ಬಿಟ್ಟರೆ ಅಂಜಿಕೆ ಬೇರೂರಿ, ಯಂತ್ರವು ಅಟ್ಟ ಸೇರುವುದು.

9. ಗ್ರಾಮದ ಮುಖ್ಯಸ್ಥರ ಕರ್ತವ್ಯ

2021ನೆಯ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳನ್ನು ಮುಖ್ಯಸ್ಥರು ತಿಳಿದಿರಬೇಕು. ಹಾರಿಸುವವರ ಅರ್ಹತಾ ಪತ್ರಕ್ಕೆ 18ರಿಂದ 65 ವರ್ಷ ವಯಸ್ಸೂ, ಹತ್ತನೆಯ ತರಗತಿಯ ಉತ್ತೀರ್ಣತೆಯೂ, ಅಂಗೀಕೃತ ಸಂಸ್ಥೆಯ ತರಬೇತಿಯೂ ಬೇಕು. ವ್ಯಾಪಾರಕ್ಕಲ್ಲದೆ ಹಾರಿಸುವ, 2 ಕಿಲೋಗ್ರಾಂ ಮೀರದ ಯಂತ್ರಕ್ಕೆ ಈ ಪತ್ರದ ಅವಶ್ಯಕತೆಯಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಹಳದಿ ಮತ್ತು ಕೆಂಪು ವಲಯಗಳಿಗೆ ಅನುಮತಿ ಬೇಕು. ಯಾವ ಊರು ಯಾವ ವಲಯವೆಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಾಟಕ್ಕೆ ಮುನ್ನ ನೋಡತಕ್ಕದ್ದು. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಮಾಡಬೇಕು. 250 ಗ್ರಾಂ ಮೀರಿದ ಯಂತ್ರಗಳಿಗೆ, ಇತರರಿಗೆ ಆಗುವ ಹಾನಿಗಾಗಿ ವಿಮೆಯೂ ಆವಶ್ಯಕ. ಔಷಧ ಸಿಂಪಡಿಸುವುದಕ್ಕೆ ಕೇಂದ್ರ ಕೃಷಿ ಮಂತ್ರಾಲಯವು 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನವನ್ನು ಪ್ರಕಟಿಸಿರುತ್ತದೆ.

ಕಾಯಿದೆಗಿಂತ ಸೂಕ್ಷ್ಮವಾದ ಕರ್ತವ್ಯವೊಂದುಂಟು. ಸಂಘದ ಯಂತ್ರವು ಹತ್ತಾರು ಮನೆಗಳ ಹಣ. ಅದನ್ನು ಹಾರಿಸುವ ಹೆಣ್ಣುಮಗಳೋ ತರುಣನೋ ಅದನ್ನು ಕೆಡವಿದ ದಿನ ಊರ ಕಟ್ಟೆಯಲ್ಲಿ ಬಯ್ಗುಳವೂ ನಗೆಯೂ ದಂಡದ ಮಾತೂ ಎದ್ದರೆ, ಮುಂದಿನ ಸಲ ಅವರು ಬಿದ್ದುದನ್ನು ಹೇಳುವುದಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯು ಹುಟ್ಟಿದ್ದು ನಗುವವರ ಭಯದಿಂದಲೇ. ಮೀಸೆಯ ಮಣ್ಣನ್ನು ಒರಸಿಕೊಂಡರೆ ಯಾರಿಗೂ ಕೇಡಿಲ್ಲ. ಬಿರುಕಿನ ರೆಕ್ಕೆಯನ್ನು ಒರಸಿ ಮರುದಿನ ಹತ್ತು ಲೀಟರು ಔಷಧದೊಡನೆ ಜನರ ತಲೆಯ ಮೇಲೆ ಹಾರಿಸಿದರೆ ಕೇಡು ತಪ್ಪದು. ಆದುದರಿಂದ ಬಿದ್ದುದನ್ನು ಅಂದೇ ಹೇಳಿದವರಿಗೆ ದಂಡವಿಲ್ಲವೆಂದೂ, ಮುಚ್ಚಿಟ್ಟು ಹಾರಿಸಿದವರಿಂದ ಯಂತ್ರವನ್ನು ಹಿಂದಕ್ಕೆ ಪಡೆಯತಕ್ಕದ್ದೆಂದೂ ಮೊದಲೇ ಗೊತ್ತುಮಾಡಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು. ಸಿಂಪಡಿಸಿದ ಪ್ರತಿ ಎಕರೆಯ ಬಾಡಿಗೆಯಲ್ಲಿ ಒಂದು ಪಾಲನ್ನು ದುರಸ್ತಿಯ ನಿಧಿಗೆ ತೆಗೆದಿಟ್ಟರೆ, ಬಿದ್ದ ದಿನ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ.

ತೋಟವನ್ನು ಬಾಡಿಗೆಯ ಯಂತ್ರಕ್ಕೆ ಒಪ್ಪಿಸುವ ಜಮೀನುದಾರರು ಹಾರಿಸುವವರ ಅರ್ಹತಾ ಪತ್ರವನ್ನು ಕೇಳುವುದರೊಡನೆ ಪತನದ ಪುಸ್ತಕವನ್ನೂ ಕೇಳಲಿ. ಒಂದು ಪತನವೂ ಬರೆಯದ ಪುಸ್ತಕಕ್ಕಿಂತ, ಬಿದ್ದ ದಿನವೂ ಕಾರಣವೂ ರಿಪೇರಿಯೂ ಒಪ್ಪವಾಗಿ ಬರೆದಿರುವ ಪುಸ್ತಕವುಳ್ಳವರಿಗೆ ತೋಟದ ಬೇಲಿ ತೆರೆಯುವುದು ಉತ್ತಮ.